ಎರಡು ಮೂಲೆಗಳ ನಡುವೆ ಮಿಸೆಸ್ ಟ್ವೆಟ್

ಡಿಸೆಂಬರ್ 9, ಭಾನುವಾರ
ಚರ್ಚ್ ಮುಗಿಸಿ ಬಂದೆ. ಗಂಡ ಡೇಲ್ ಹಂದಿಗಳ ಕಡೆ ಹೋದ, ನಾನು ಫೋನ್ ಹಿಡಿದೆ. ಅಧ್ಯಕ್ಷ ಪದವಿಗೆ ನಮ್ಮ ಪಕ್ಷದ ಟಿಕೆಟ್ ಕೇಳಿ ಗವರ್ನರ್ ಮೇಬ್ರಿ ಎದುರು ನಿಂತಿರುವ ಸೆನೆಟರ್ ಕ್ರೇನ್ ಪರವಾಗಿ ಊರವರನ್ನು ಪೀಡಿಸುವುದು ನನ್ನ ಪಾಲಿನ ಕೆಲಸ. ಇತಿಹಾಸದ ಟೀಚರಾಗಿ ಪೀಡಿಸಿದ ಅಭ್ಯಾಸ ಇದ್ದೇ ಇದೆ. "ಕ್ರೇನ್‌ಗೆ ಅನುಭವ ಇದೆ, ಗವರ್ನರ್ ಮೇಬ್ರಿಗೆ ಅದರ ಅಭಾವ ಇದೆ" ಅಂತ ಶುರು. ಅರ್ಧ ಜನ ನಗುತ್ತಾರೆ. ಉಳಿದವರು ಫೋನ್ ಇಡುತ್ತಾರೆ.

ಕಿರ್ಸ್ಟನ್ ಊಟಕ್ಕೆ ಬಂದಳು. ಅವಳಿರುವ ಮೀಸಲು ಸೇನೆ, ನ್ಯಾಷನಲ್ ಗಾರ್ಡ್‌ನಿಂದ ಆದೇಶ — ಫೆಬ್ರವರಿಯಲ್ಲಿ ಮತ್ತೆ ಯುದ್ಧಕ್ಕೆ. "ಆಲೂಗಡ್ಡೆ ಈ ಕಡೆ ಕೊಡಮ್ಮ" ಅನ್ನುವ ದನಿಯಲ್ಲೇ ಹೇಳಿದಳು ನನ್ನ ಮಗಳು.

ಡಿಸೆಂಬರ್ 14
ಲೈಬ್ರರಿಗೆ ಸೆನೆಟರ್ ಬಂದಿದ್ದರು. ಕೇಳಿಯೇಬಿಟ್ಟೆ: ನಮ್ಮ ಮಕ್ಕಳು ಯಾವಾಗ ವಾಪಸ್?
ಕಣ್ಣು ತಪ್ಪಿಸಲಿಲ್ಲ. "ಎರಡು ವರ್ಷದೊಳಗೆ ಆಗಲ್ಲ ಮೇಡಂ. ಆಗುತ್ತೆ ಅಂದ್ರೆ ಸುಳ್ಳಾಗುತ್ತೆ. ನಾವು ಅಲ್ಲಿರಬೇಕು ಅಂತಲೇ ನನ್ನ ನಿಲುವು."
ನೇರ ಮಾತಿನ ಮನುಷ್ಯ ಬೇಕು ಅಂತ ಊರಿಗೆಲ್ಲ ಸಾರಿದವಳು ನಾನೇ. ತಗೋ, ನೇರವಾಗಿಯೇ ಬಂತು...

ಡಿಸೆಂಬರ್ 20
ಗವರ್ನರ್ ಮೇಬ್ರಿ ಕೆಫೆಯಲ್ಲಿ ಪೈ ತಿಂದರು. "ಮುಂದಿನ ಕ್ರಿಸ್‌ಮಸ್‌ಗೆ ಎಲ್ಲರೂ ಮನೆಯಲ್ಲಿ!"
"ಹೇಗೆ?" ಅಂದೆ.
"ತಜ್ಞರು ನೋಡ್ಕೋತಾರೆ."
ಕ್ಲಾಸಿನಲ್ಲಾಗಿದ್ದರೆ ಮೊದಲ ವಾಕ್ಯಕ್ಕೆ ಪೂರ್ತಿ ಅಂಕ, ಎರಡನೆಯದಕ್ಕೆ ಸೊನ್ನೆ.
ಊರಿಗೆ ವಿದೇಶಾಂಗ ಅಂದರೆ ಒಂದು ಇಲಾಖೆ. ನನಗೆ ಮಗಳ ಅಂಗಾಂಗ.
ಕಿರ್ಸ್ಟನ್ ಪಾತ್ರೆ ಒರೆಸುತ್ತಾ, "ನನ್ನ ಮುಖ ನೋಡಿ ಅಭ್ಯರ್ಥಿ ಬದಲಾಯಿಸ್ಬೇಡಮ್ಮ. ಆಮೇಲೆ ದೇಶ ಹಾಳಾದ್ರೆ ನನ್ನ ತಲೆಗೆ ಕಟ್ತೀಯ."
"ಉದ್ಧಾರ ಆದ್ರೆ?"
"ಕ್ರೆಡಿಟ್ ಅಪ್ಪ ತಗೋತಾನೆ, ಬಿಡು."

ಜನವರಿ 4, ಬೆಳಿಗ್ಗೆ
ನಿನ್ನೆ ಸಂಜೆ ಶಾಲೆಯ ಜಿಮ್‌ನಲ್ಲಿ ಕಾಕಸ್, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆ. ನಮ್ಮ ಅಯೋವಾದಲ್ಲಿ ಗುಟ್ಟಿನ ಮತ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದು ಮೂಲೆ, ನಿಂತ ಮೂಲೆಯೇ ಮತ. ಕ್ರೇನ್ ಮೂಲೆಯಲ್ಲಿ ತಲೆ ಸಾಲಲಿಲ್ಲ. ಅಂದಮೇಲೆ ಮೂಲೆಯೇ ರದ್ದು. ಇನ್ನೊಂದಕ್ಕೆ ಹೋಗಬೇಕು, ಇಲ್ಲವೇ ಮನೆಗೆ.
ನಮ್ಮ ಮೂಲೆಯವರೆಲ್ಲ ನನ್ನ ಹಳೇ ವಿದ್ಯಾರ್ಥಿಗಳು. ನಾನು ಹೋದಲ್ಲಿಗೆ ಬರುವವರು. ಹರಾಜು ಶುರುವಾಯಿತು.
"ಮಿಸೆಸ್ ಟ್ವೆಟ್, ಇಲ್ಲಿ ಕುರ್ಚಿ ಇದೆ!"
"ಇಲ್ಲಿ ಬ್ರೌನಿ ಇದೆ ಟೀಚರ್!"
ಮೂರನೇ ಮೂಲೆಯಿಂದ, ಮೆಕ್ಕೆಜೋಳಕ್ಕೆ ಬೆಲೆ ಕೊಡಿಸ್ತೀನಿ ಅನ್ನುವ ಅಭ್ಯರ್ಥಿಯ ಕಡೆ ನಿಂತಿದ್ದ ಡೇಲ್: "ವರ್ನಾ, ಕಾರಿನ ಕೀ ನನ್ನ ಹತ್ರ ಇದೆ, ನೆನಪಿರಲಿ!"
ಕರೆಯದವಳು ಒಬ್ಬಳೇ. ಗವರ್ನರ್ ಮೂಲೆಯಲ್ಲಿ ಕಿರ್ಸ್ಟನ್. ಬೇಕೆಂದೇ ನನಗೆ ಬೆನ್ನು ಹಾಕಿ, ಬಾಸ್ಕೆಟ್‌ಬಾಲ್ ರಿಂಗ್ ನೋಡುತ್ತಾ ನಿಂತಿದ್ದಳು. ಒಂದು ಸಲ ತಿರುಗಿದ್ದರೆ ಸಾಕಿತ್ತು, ಓಡಿಬಿಡುತ್ತಿದ್ದೆ. ತಿರುಗಲಿಲ್ಲ. ಇಂಥವಳನ್ನು ಹೆತ್ತೆನಲ್ಲ! — ಸ್ವೆಟರ್ ಬಿಗಿಯಾಗುವಷ್ಟು ಎದೆಯುಬ್ಬಿತು.
ಆಗ ಬುದ್ಧಿ ಓಡಿತು. ಗವರ್ನರ್ ಮೂಲೆಯ ಮುಂದಾಳು ಕರ್ಟ್‌ನನ್ನು ಕರೆದೆ. ನನ್ನ ಕೈಯಲ್ಲಿ ಇತಿಹಾಸದಲ್ಲಿ ಫೇಲಾದವನು.
"ನಾವು ಬರ್ತೀವಿ. ಆದ್ರೆ ಮಾರ್ಚ್ ತಿಂಗಳ ಪಕ್ಷದ ಕೌಂಟಿ ಸಮಾವೇಶಕ್ಕೆ ನಿಮ್ಮ ಕಡೆ ಪ್ರತಿನಿಧಿ ನಾನು."
"ಯಾಕೆ ಟೀಚರ್?"
"ನಿಮ್ಮ ಗವರ್ನರ್ ಹತ್ರ ಅಭಿಪ್ರಾಯ ಇದೆ, ಉತ್ತರ ಇಲ್ಲ. ಹೋಂವರ್ಕ್ ಮಾಡದವರನ್ನ ಎಬ್ಬಿಸಿ ನಿಲ್ಲಿಸಿದ ಅನುಭವ ನನ್ನ ಹತ್ರ ಇದೆ."
"ಅದಕ್ಕೆ ನಾನೇ ಸಾಕ್ಷಿ" ಅಂದ. ಒಪ್ಪಿದ.
ಕಿರ್ಸ್ಟನ್ ಗುರ್ರೆಂದಳು: "ನನ್ನ ಮುಖ ನೋಡಿ ಬಂದೆಯಾ?"
"ಮುಖ ಎಲ್ಲಿ ತೋರಿಸಿದೆ? ಬೆನ್ನು ನೋಡಿ ಬಂದೆ."

ಫೆಬ್ರವರಿ 17
ಹೋದಳು. ಬಸ್ ಮೆಟ್ಟಿಲ ಮೇಲೆ ನಿಂತು: "ಕೇಳೋದನ್ನ ಗಟ್ಟಿಯಾಗಿ ಕೇಳಮ್ಮ. ನನ್ನ ಹೆಸರು ಮಾತ್ರ ಎತ್ತಬೇಡ."
ಡೇಲ್ ಮನೆವರೆಗೂ ಹಂದಿಗಳ ಬಗ್ಗೆಯೇ ಮಾತಾಡಿದ.

ಮಾರ್ಚ್ 15, ಸಮಾವೇಶದಲ್ಲಿ
ಮೈಕಿನ ಸಾಲಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ವೇದಿಕೆ ಮೇಲೆ ಗವರ್ನರ್ ಅವರ ವಿದೇಶಾಂಗ ಸಲಹೆಗಾರ. ಎಳೆಯ, ಟೈ ಒಂದೇ ಅನುಭವಸ್ಥ. ಕ್ರಿಸ್‌ಮಸ್‌ಗೆ ಎಲ್ಲರೂ ಮನೆಗೆ ಅಂದ. ಚಪ್ಪಾಳೆ. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.
ನನ್ನ ಮುಂದಿನವನು ಎಥನಾಲ್ ಬಗ್ಗೆ ಕೊರೆಯುತ್ತಿದ್ದಾನೆ. ಕರ್ಟ್ ನನ್ನ ಕಿವಿಯಲ್ಲಿ: "ಮಗಳು ಅಲ್ಲಿದ್ದಾಳೆ ಅನ್ನಿ ಟೀಚರ್. ಇಡೀ ಹಾಲ್ ಎದ್ದು ನಿಲ್ಲುತ್ತೆ."
"ಕೂತೇ ಕೇಳಲಿ. ಎದ್ದು ಉತ್ತರ ಕೊಡಬೇಕಾದವನು ಅವನು."
ಹೇಗೆ ಅಂತ ಕೇಳುತ್ತೇನೆ, ಯಾರ ತಾಯಿ ಅಂತ ಹೇಳುವುದಿಲ್ಲ. ಸುಲಭವಲ್ಲ... ನಾಲಿಗೆ ತುದಿಯಲ್ಲೇ ಇದ್ದಾಳೆ.
ಎಥನಾಲ್ ಮುಗಿಯಿತು. ಮೈಕ್ ನನ್ನ ಎತ್ತರಕ್ಕೆ ಇಳಿಸುತ್ತಿದ್ದಾರೆ. ವೇದಿಕೆಯ ಹುಡುಗ ನಗುತ್ತಿದ್ದಾನೆ, ಪಾಪ. "ಮೇಡಂ, ತಾವು ಯಾರು ಅಂತ ಮೊದಲು—"