ಬೆಳದಿಂಗಳಲ್ಲಿ ಕರಡಿ ಬರುವುದಿಲ್ಲವೆಂದು ಬರೆದವರಿಗೆ

ಕೆಂಗೇರಿ ಬಳಿಯ ಉಲ್ಲಾಳ, ಏಪ್ರಿಲ್ 1955

ಮಾನ್ಯ ಅರಣ್ಯಾಧಿಕಾರಿಗಳೇ,

ಬೆಳದಿಂಗಳಲ್ಲಿ ಕರಡಿ ಹೊರಗೆ ಬರುವುದಿಲ್ಲವೆಂದು ತಾವು ಹೊರಡಿಸಿದ ಪ್ರಕಟಣೆಯನ್ನು ನಮ್ಮೂರಿನ ಕರಡಿ ಪಾಲಿಸಿಲ್ಲ. ಅದಕ್ಕೆ ಓದು ಬಾರದು. ನಮಗೆ ಬರುತ್ತದೆ, ಅದೇ ಆದ ಅನಾಹುತ.

ಮಾಘದ ಮೊದಲಲ್ಲಿ ತಮ್ಮ ಗಾರ್ಡು ಚಾವಡಿಯ ಗೋಡೆಗೆ ಆ ಕಾಗದ ಅಂಟಿಸಿ ಹೋದ. ‘ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಸಾರ್ವಜನಿಕರು ನಿರ್ಭಯವಾಗಿ ಸಂಚರಿಸಬಹುದು.’ ಈ ಜ್ಞಾನ ತಮಗೆ ಎಲ್ಲಿ ದೊರೆಯಿತೆಂದು ಅವನನ್ನೇ ಕೇಳಿದೆ. “ಸಾಹೇಬ್ರು ಒಂದ್ಸಲ ಹುಣ್ಣಿಮೇಲಿ ಜೀಪ್‌ನಾಗೆ ಬಂದಿದ್ರು ಸ್ವಾಮಿ. ಕರಡಿ ಕಾಣಿಸ್ಲಿಲ್ಲ” ಎಂದ. ಭರ್‍ರೆನ್ನುವ ಜೀಪಿನ ಮುಂದೆ ಬಂದು ನಮಸ್ಕರಿಸದ ಕರಡಿ, ಇಲ್ಲದ ಕರಡಿಯೇ ಸರಿ.

ನಮ್ಮೂರ ನರಸಮ್ಮ ಸೊಪ್ಪು ಮಾರುವವಳು. ಬೆಳಗಿನ ಮೊದಲ ರೈಲಿಗೆ ಕೆಂಗೇರಿ ಸ್ಟೇಷನ್ನಿಗೆ ಹೋಗಬೇಕು. ದಾರಿಯಲ್ಲಿ ಕರಡಿಯ ಭಯವೆಂದು ದಿನವೂ ಕೆಂಚಪ್ಪನ ಎತ್ತಿನ ಗಾಡಿಗೆ ಕಾಯುತ್ತಿದ್ದಳು. ಗಾಡಿ ತಡವಾದರೆ ರೈಲು ತಪ್ಪುತ್ತಿತ್ತು. “ಮೇಷ್ಟ್ರೇ, ಆ ಕಾಗ್ದದಾಗೆ ಏನ್ ಬರ್ದವ್ರೆ?” ಎಂದು ಕೇಳಿದಳು. ಓದಿ ಹೇಳಿದೆ. “ಸರ್ಕಾರ್‌ದೋರೇ ಹೇಳವ್ರೆ ಅಂದ್ಮೇಲೆ ಇನ್ನೇನು” ಎಂದಳು. ಹೌದು ಎಂದೆ.

ಹುಣ್ಣಿಮೆಯ ಬೆಳಗಿನ ಜಾವ ಕುಕ್ಕೆ ಹೊತ್ತು ಒಬ್ಬಳೇ ಹೊರಟಳು. ಕೆರೆ ಏರಿಯ ಪಕ್ಕ ಎಲಚಿ ಪೊದೆಯಲ್ಲಿ ಹಣ್ಣು ತಿನ್ನುತ್ತಿದ್ದ ಕರಡಿ ಮೇಲೆ ಬಿತ್ತು. ಹಿಂದೆ ಬಂದ ಕೆಂಚಪ್ಪ ಬಾರುಕೋಲು ಬೀಸಿ ಕೂಗಿ ಅದನ್ನು ಓಡಿಸಿದ; ಅವಳನ್ನು ಗಾಡಿಯಲ್ಲೇ ಆಸ್ಪತ್ರೆಗೆ ಸಾಗಿಸಿದ. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ. “ಹಗಲಿದ್ದಂಗಿತ್ತು ಮೇಷ್ಟ್ರೇ, ಅದ್ರ ಉಗುರು ಸೈತ ಕಾಣ್ತಿತ್ತು” ಎನ್ನುತ್ತಾಳೆ.

ಪೊದೆ ಕಡಿಸಿ, ಕಾವಲು ಹಾಕಿ ಎಂದು ಅರ್ಜಿ ಬರೆದೆ. ತಮ್ಮ ಉತ್ತರ ಬಂತು: ‘ಸದರಿ ದಿನ ಹುಣ್ಣಿಮೆಯಾಗಿದ್ದರಿಂದ ಕರಡಿ ಬಂದಿರುವ ಸಂಭವವಿಲ್ಲ. ನಾಯಿ ಇರಬಹುದು.’ ಹಿಂಗಾಲ ಮೇಲೆ ನಿಂತು ಮನುಷ್ಯರ ಬುರುಡೆ ಬಗೆಯುವ ನಾಯಿ ತಮ್ಮ ಬೀದಿಯಲ್ಲಿ ಇದೆಯೇ? ಇದ್ದರೆ ತಿಳಿಸಿ, ನಾವು ಆ ಕಡೆ ಸುಳಿಯುವುದಿಲ್ಲ. ಪಂಚಾಂಗ ನೋಡಿ ಹೊರಡುವ ಪ್ರಾಣಿ ಮನುಷ್ಯನೊಬ್ಬನೇ ಎಂದು ನಾನು ತಿಳಿದಿದ್ದೆ.

ನರಸಮ್ಮ ನನ್ನನ್ನು ದೂರಲಿಲ್ಲ. “ಇದ್ದುದ್ನ ಓದುದ್ರಿ, ನೀವೇನ್ ಮಾಡ್ತೀರಿ” ಎಂದಳು. ಬೈದಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಆ ಕಾಗದವನ್ನು ನಾನೇ ಕಿತ್ತುಹಾಕಿದ್ದೇನೆ. ತಪ್ಪಾಗಿದ್ದರೆ ಕ್ರಮ ಜರುಗಿಸಿ. ಆದರೆ ಮೊದಲು ಪೊದೆ ಕಡಿಸಿ. ಆಮೇಲೆ ತಾವೇ ಬಂದು ನರಸಮ್ಮನ ಎದುರು ಕೂತು, ಅದು ಕರಡಿಯೇ ಎಂದು ತಮ್ಮ ಬಾಯಿಂದ ಹೇಳಿ. ಯಾವ ಹೊತ್ತಿಗಾದರೂ ಬನ್ನಿ. ಆಕೆ ಈಗ ಮನೆಯಲ್ಲೇ ಇರುತ್ತಾಳೆ.

ಇಂತಿ,
ಇದು ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಯಾವ ಊರಿಗೆ ವರ್ಗವೋ ಎಂದು ಗಂಟುಮೂಟೆ ಕಟ್ಟಿಟ್ಟುಕೊಂಡಿರುವ
ಪುರುಷೋತ್ತಮ, ಪ್ರಾಥಮಿಕ ಶಾಲೆಯ ಮೇಷ್ಟ್ರು