ಸೈಲೆನ್ಸರ್ ಶೆಡ್ಡಿನಲ್ಲೇ ಇದೆ

ಮನೆಯಿಂದ,
ಮಾರ್ಚ್ 9, ಭಾನುವಾರ ಬೆಳಿಗ್ಗೆ

ನನ್ನ ಪ್ರೀತಿಯ ಬೆಂಕಿಪೊಟ್ಟಣಕ್ಕೆ,

ಹೇಗಿದ್ದೀಯ? ಹಡಗಿನ ಎಂಜಿನ್ ರೂಮಿಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ? ಸೊಂಟನೋವು ಹೇಗಿದೆ? (ಅತ್ತೆಯ ಮುಂದೆ ‘ನೀವು’, ಕಾಗದದಲ್ಲಿ ‘ನೀನು’. ಇದು ಹೀಗೇ ನಡೆಯಲಿ.) ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನೀನಿನ್ನೂ ಕಣ್ಣಾರೆ ನೋಡದ ನಿನ್ನ ಮಗ ಮಗುಚಿಕೊಳ್ಳುತ್ತಾನೆ. ಅವನು ಮಲಗುತ್ತಾನೆ, ನಾನು ಮಾತ್ರ ಕಣ್ಣು ಬಿಟ್ಟುಕೊಂಡಿರುತ್ತೇನೆ. ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಅವನಿಗೆ ಎಚ್ಚರವಿಲ್ಲ. ‘ಅಪ್ಪನ ಹಾಗೇ ಕುಂಭಕರ್ಣ, ಪುಣ್ಯ ಮಾಡಿದ್ದೀಯ ಕಣೇ’ ಅಂತಾರೆ ಅತ್ತೆ. ನನಗೆ ಹಾಗನ್ನಿಸುವುದಿಲ್ಲ. ಸದ್ದಿಗೆ ಅವನು ಬೆಚ್ಚುವುದೇ ಇಲ್ಲವಲ್ಲ, ಆ ಭಯವೇ ನನ್ನನ್ನು ಮಲಗಲು ಬಿಡುತ್ತಿಲ್ಲ.

‘ಮಗುವಿನ ಎಳೇ ಕಿವಿ, ನಾನು ಬರುವುದರೊಳಗೆ ಕಾರಿಗೆ ಸೈಲೆನ್ಸರ್ ಹಾಕಿಸು’ ಎಂದು ಬರೆದಿದ್ದೆಯಲ್ಲ, ಅದನ್ನು ಹುಡುಕಲು ಶೆಡ್ಡಿಗೆ ಹೋದೆ. ನಿನ್ನ ಕೆಂಪು ಎರಡು ಬಾಗಿಲಿನ ರಾಣಿಯ ಮೇಲಿನ ಹೊದಿಕೆ ಸರಿಸಿದ್ದೇ ತಡ, ಮದುವೆಯಾದ ಹೊಸತು ಕಣ್ಣಿಗೆ ಕಟ್ಟಿತು. ಎಲ್ಲರೂ ಹೊಸ ಹೆಂಡತಿಯನ್ನು ಸುತ್ತಾಡಿಸಿದರೆ ನೀನು ನನ್ನನ್ನು ಕಾರಿನ ಹಿಂದೆ ನೀರಿನ ಬಕೆಟ್ ಕೊಟ್ಟು ನಿಲ್ಲಿಸಿದೆ! ಗಾಳಿ ತುಂಬಿಕೊಡುವ ಟರ್ಬೊ ಇಲ್ಲದ ಎಂಜಿನ್, ತಾನೇ ಎಳೆದುಕೊಂಡಷ್ಟೇ ಗಾಳಿ. ಅದರಿಂದ ಬೆಂಕಿ ಉಗುಳಿಸುತ್ತೇನೆಂದು ನಿನ್ನ ಹಟ. ಸೈಲೆನ್ಸರ್ ಬಿಚ್ಚಿ ನೇರ ಕೊಳವೆ ಹಾಕಿದೆ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೆಚ್ಚಿಸಿದೆ. ಬಂದದ್ದು ಬರೀ ಕರಿಹೊಗೆ, ಡಬ್ ಡುಬ್. ‘ಕಾರಿಗೆ ಕೆಮ್ಮೇನಪ್ಪಾ?’ ಎಂದರು ಪಕ್ಕದ ಮನೆಯವರು. ಕೊನೆಗೆ, ಕೆಮಿಸ್ಟ್ರಿ ಓದಿದವಳಲ್ಲವೇ, ನಾನೇ ಹೇಳಿದೆ: ಕಿಡಿಯನ್ನೇ ಸ್ವಲ್ಪ ತಡಮಾಡು, ಉರಿ ಕೊಳವೆಗೆ ಬರುವಾಗಲೂ ಜೀವಂತವಾಗಿರಲಿ. ಕಿಡಿಯ ಹೊತ್ತು ಹೊಂದಿಸುವ ತಿರುಪನ್ನು ನೀನು ತಿರುಗಿಸಿದೆ, ಆಕ್ಸಿಲರೇಟರ್ ಒತ್ತಿ ಥಟ್ಟನೆ ಬಿಟ್ಟೆ. ಮೊಳದುದ್ದದ ನೀಲಿ ನಾಲಿಗೆ, ತುದಿಯಲ್ಲಿ ಕಿತ್ತಳೆ! ನಾವಿಬ್ಬರೂ ಕುಣಿಯುತ್ತಿದ್ದರೆ, ಹಿಂದೆ ಒಣಹಾಕಿದ್ದ ಅತ್ತೆಯ ಹೊಸ ದುಪ್ಪಟಿ ಉರಿಯುತ್ತಿತ್ತು. ಬಕೆಟ್ ಕೈಯಲ್ಲೇ ಇತ್ತು, ಸುರಿಯುವುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ‘ಬೆಂಕಿ ಬಂತಲ್ಲ, ಸಂತೋಷ. ಈಗ ನಾನು ಏನು ಹೊದ್ಕೊಳ್ಳಲೋ?’ ಎಂದು ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ನೆನಪಿದೆಯಾ? ಉಳಿದರ್ಧ ದುಪ್ಪಟಿಯೇ ಈಗ ನಿನ್ನ ಮಗನ ಲಂಗೋಟಿಗಳು. ಒಂದರ ಅಂಚಿನಲ್ಲಿ ಕಂದು ಕಲೆ ಇನ್ನೂ ಇದೆ. ಅದನ್ನು ಒಗೆಯುವಾಗೆಲ್ಲ ನಗು ಬರುತ್ತದೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಮಗನದು ಜೊಲ್ಲುಜೊಲ್ಲಾದ ಮುತ್ತು. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ,
ಬಕೆಟ್‌ರಾಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ಸಂಜೆ ಕಾರನ್ನು ಒಂದು ಸುತ್ತು ಓಡಿಸಿ ಬಿಸಿಮಾಡಿ, ಅಂಗಳಕ್ಕೆ ತಂದು ನಿಲ್ಲಿಸಿದೆ. ಅತ್ತೆ ದೂರದ ಮೆಟ್ಟಿಲ ಮೇಲೆ, ಅವರ ತೊಡೆಯಲ್ಲಿ ಮಗು, ಬೆನ್ನು ನನ್ನ ಕಡೆಗೆ. ಆಕ್ಸಿಲರೇಟರ್ ಒತ್ತಿ ಥಟ್ಟನೆ ಬಿಟ್ಟೆ. ಢಮ್ಮೆಂದ ಸದ್ದಿಗೆ ಬೀದಿನಾಯಿಗಳೆಲ್ಲ ಬೊಗಳಿದವು, ಪಕ್ಕದ ಮನೆಯವರು ಕಿಟಕಿ ತೆರೆದು ಬೈದರು. ಇವನು ಮುಷ್ಟಿ ಚೀಪುತ್ತಲೇ ಇದ್ದ. ‘ಇನ್ನೊಂದ್ಸಲ ಮಾಡೇ’ ಎಂದರು ಅತ್ತೆ, ಸಣ್ಣ ದನಿಯಲ್ಲಿ. ಮಾಡಿದೆ. ಆಮೇಲೆ ಅವರು ಅವನನ್ನು ಈ ಕಡೆ ತಿರುಗಿಸಿದರು. ಮತ್ತೆ ಒತ್ತಿ ಬಿಟ್ಟೆ, ಬೆಂಕಿ ಬಂತು. ಅದನ್ನು ನೋಡಿ ನಿನ್ನ ಮಗ ಎರಡೂ ಕೈ ಚಾಚಿ ಕಿಲಕಿಲ ನಕ್ಕ ಕಣೋ. ಹೋದ ವಾರವೇ ಕೇಳಿದ್ದೆ, ಕಿವಿಯ ಡಾಕ್ಟರು ಮುಂದಿನ ತಿಂಗಳು ಬರಹೇಳಿದ್ದಾರೆ. ಒಬ್ಬಳೇ ಹೋಗಲಾರೆ, ಅಷ್ಟರಲ್ಲಿ ಬಾ. ಸೈಲೆನ್ಸರ್ ಹಾಕಿಸಲಿಲ್ಲ.