ಗಂಟೆಯಮ್ಮನ ಫೋನ್ ಕೋಣೆ

ಅಗ್ನಿಶಾಮಕ ಠಾಣೆಯ ಫೋನ್ ಕೋಣೆಯಿಂದ
ಮಾರ್ಚ್ ಹನ್ನೆರಡು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ನೀನು ಮುನಿಸಿಕೊಂಡಿರುವುದಿಲ್ಲ, ಅದು ನಿನ್ನ ಜಾಯಮಾನವಲ್ಲ. ನಾನಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಹಾಳೆ ತುಂಬ ಬೈದು ಅಂಚೆಗೆ ಹಾಕಿರುತ್ತಿದ್ದೆ. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಹೇಳಲಾರೆ. ಬರೆಯಲು ಕೂತದ್ದು ನಾಲ್ಕು ಸಲ. ನಾಲ್ಕು ಸಲವೂ "ನಾನು ಚೆನ್ನಾಗಿದ್ದೇನೆ" ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಅದಕ್ಕೇ ಈ ಸಲ ಆ ಸಾಲನ್ನೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಹೊಲಿಗೆ ಕ್ಲಾಸಿಗೆ ಈಗ ಎಷ್ಟು ಹುಡುಗಿಯರು ಬರುತ್ತಾರೆ?

ಬೇರೆ ಯಾರನ್ನಾದರೂ ಆಗಿದ್ದರೆ ಫೋನ್ ಮಾಡಿ ಎರಡು ನಿಮಿಷದಲ್ಲಿ ಕೇಳಿಬಿಡುತ್ತಿದ್ದೆ. ದಿನವಿಡೀ ಫೋನಿನ ಮುಂದೆ ಕೂರುವುದೇ ನನ್ನ ಉದ್ಯೋಗ, ಆದರೂ ಒಡಹುಟ್ಟಿದ ಅಕ್ಕನ ದನಿ ಕೇಳಿ ಆರು ವರ್ಷವಾಯಿತು. ಆ ಬೆಂಕಿಯಲ್ಲಿ ಭಾವ ಹೋದ ಮೇಲೆ ನೀನು ಊರು ಬಿಟ್ಟೆ, ಫೋನ್ ಮುಟ್ಟುವುದನ್ನೂ ಬಿಟ್ಟೆ. ನಾನೇ ಬರುತ್ತೇನೆಂದರೆ "ಈಗ ಬೇಡ, ಮುಂದೆ ನೋಡೋಣ" ಎಂದು ಬರೆಯುತ್ತೀಯ. ಕರೆ ಬಂದಾಗ ಆ ಕಡೆಯವರು ಮಾತಾಡುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾರಲ್ಲ, ಆ ಅರೆಗಳಿಗೆ ನೀನೇ ಇರಬಹುದು ಅನ್ನಿಸುತ್ತದೆ. ಆಮೇಲೆ ನೋಡಿದರೆ ಯಾರದೋ ಬೆರಳಲ್ಲಿ ಉಂಗುರ ಸಿಕ್ಕಿಹಾಕಿಕೊಂಡಿರುತ್ತದೆ.

ಈ ಊರು ನಮ್ಮ ಠಾಣೆಯನ್ನು ಬೆಂಕಿಗಿಂತ ಬೇರೆಲ್ಲದಕ್ಕೂ ಬಳಸುತ್ತದೆ, ನಿನಗೆ ಗೊತ್ತಿರುವುದೇ. ಕಳೆದ ವಾರ ಸಾಕಿದ ಗಿಳಿಯೊಂದು ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತ್ತು. ಏಣಿ ಹಾಕಿ ಹತ್ತಿದವನನ್ನು ಅದು ಬಾಯಿಗೆ ಬಂದ ಹಾಗೆ ಬೈಯಿತಂತೆ. ಮಧ್ಯಾಹ್ನ ಹನ್ನೆರಡಕ್ಕೆ ನಾವು ಸೈರನ್ ಪರೀಕ್ಷೆ ಮಾಡುವುದು ಒಂದು ನಿಮಿಷ ತಡವಾದರೆ ಶಾಲೆಯಿಂದ ಹೆಡ್ ಮೇಡಂ ಫೋನ್ ಮಾಡಿ "ಮಕ್ಕಳಿಗೆ ಹಸಿವಾಗಿದೆ, ಯಾಕಮ್ಮ ಇನ್ನೂ ಕೂಗಿಸಿಲ್ಲ?" ಎಂದು ಕೇಳುತ್ತಾರೆ. ನನ್ನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಕರೆ ಬಂದ ಕೂಡಲೇ ಗಂಟೆ ಒತ್ತುವವಳು ನಾನಲ್ಲವೇ, ಹಾಗಾಗಿ ನಾನು ಗಂಟೆಯಮ್ಮ. ಅಂಚೆಯವನು ಕೂಡ ಕಾಗದದ ಮೇಲಿನ ಹೆಸರು ಓದಿ, "ಇದು ಯಾರು, ಓ ನೀವಾ" ಎನ್ನುತ್ತಾನೆ.

ನೀನು ಹೋದ ಮೇಲೆ ಶುರುವಾದ ಒಂದು ಪದ್ಧತಿ ಇದೆ. ಒಂಟಿಯಾಗಿರುವ ಒಂಬತ್ತು ಜನ ದಿನಾ ಬೆಳಿಗ್ಗೆ ಹತ್ತರೊಳಗೆ ನನಗೆ ಫೋನ್ ಮಾಡಿ "ಇದ್ದೀನಿ" ಅನ್ನಬೇಕು. ಅಷ್ಟೇ ಮಾತು. ಹತ್ತೂವರೆಯಾದರೂ ಕರೆ ಬರದಿದ್ದರೆ ಗಾಡಿ ಅವರ ಮನೆಗೆ ಹೋಗಿ ಬಾಗಿಲು ಬಡಿಯುತ್ತದೆ. ಹಾಗೆ ಹೋಗಿ ಇಬ್ಬರನ್ನು ಉಳಿಸಿದ್ದೇವೆ. ಗಡಿಯಾರ ರಿಪೇರಿ ಮಾಡುವ ತಾತ ಮಾತ್ರ "ಇದ್ದೀನಿ" ಎಂದು ಸುಮ್ಮನಾಗುವುದಿಲ್ಲ, "ಇದ್ದೀನಿ, ನೀನಿದೀಯಾ?" ಎಂದು ಕೇಳುತ್ತಾರೆ. ಅವರೊಬ್ಬರೇ ಹಾಗೆ ಕೇಳುವುದು.

ಈಗ ವಿಷಯಕ್ಕೆ ಬರುತ್ತೇನೆ. ಜನವರಿ ಕೊನೆಗೆ ಮೇಲಿನಿಂದ ಆದೇಶ ಬಂತು. ಎಲ್ಲ ಊರುಗಳ ಕರೆಗಳೂ ಇನ್ನು ಮುಂದೆ ದೊಡ್ಡ ಕಂಟ್ರೋಲ್ ರೂಮಿಗೆ ಹೋಗುತ್ತವೆ, ಅಲ್ಲಿ ಕಂಪ್ಯೂಟರ್ ಮುಂದೆ ಕೂತವರು ವಿಳಾಸ ಕೇಳಿ ಬರೆದುಕೊಂಡು, ಆಮೇಲೆ ನಮ್ಮ ಠಾಣೆಗೆ ತಿಳಿಸುತ್ತಾರೆ. ಇಲ್ಲಿನ ಫೋನ್ ಕೋಣೆ ಏಪ್ರಿಲ್ ಒಂದಕ್ಕೆ ಮುಚ್ಚುತ್ತದೆ. ಊರಿನವರು ಬಯಸಿದರೆ ಒಂದು ಸಭೆಯಲ್ಲಿ ತಕರಾರು ಹೇಳಬಹುದು, ದೊಡ್ಡ ಸಾಹೇಬರೇ ಬಂದು ಕೇಳುತ್ತಾರೆ ಎಂದೂ ಅದರಲ್ಲಿತ್ತು.

ಈ ಊರಿನವರಿಗೆ ತಕರಾರು ಹೇಳಿ ಎಂದು ಯಾರಾದರೂ ಕಲಿಸಬೇಕೇ? ಕಳೆದ ತಿಂಗಳ ಕೊನೆಯ ಭಾನುವಾರ ಸಭೆ. ಎರಡೂ ಗಾಡಿಗಳನ್ನು ಹೊರಗೆ ನಿಲ್ಲಿಸಿ ಶೆಡ್ಡಿನೊಳಗೆ ಶಾಲೆಯ ಬೆಂಚು ತಂದು ಹಾಕಿದರು. ಡೀಸೆಲ್ ವಾಸನೆಯ ನಡುವೆ ಮುನ್ನೂರು ಜನ ಒಬ್ಬರ ಮೈಮೇಲೊಬ್ಬರು ಕೂತರು. ಕ್ಷೌರದಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ಅವನ ಹಿಂದೆಯೇ ಬಂದಿದ್ದ. ನೀನಿದ್ದಿದ್ದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಗು ತಡೆದುಕೊಳ್ಳಬೇಕಾಗುತ್ತಿತ್ತು. ನನ್ನ ಪಾಲಿಗೆ ನಿನ್ನ ಜಾಗ ಈಗಲೂ ಖಾಲಿಯಾಗಿಯೇ ಇದೆ ಅಕ್ಕ, ಅಲ್ಲಿ ಯಾರೂ ಕೂರುವ ಹಾಗಿಲ್ಲ.

ಬೇಕರಿ ಅತ್ತೆ ಮೊದಲು ಎದ್ದು ನಿಂತರು. "ನಮ್ಮ ಒಲೆ ಹೊತ್ಕೊಂಡಾಗ ಫೋನಲ್ಲಿ ನನ್ನ ಬಾಯಿಂದ ಬಂದಿದ್ದು ಒಂದೇ ಮಾತು ಸಾರ್, 'ಅಮ್ಮಾ' ಅಂತ. ಅಷ್ಟಕ್ಕೇ ಗಾಡಿ ಬಂತು. ಆ ದೂರದೂರಿನ ಹುಡುಗಿಗೆ ನನ್ನ 'ಅಮ್ಮಾ' ಯಾವುದು ಅಂತ ಗೊತ್ತಾಗತ್ತಾ?"

ಶೆಡ್ಡೆಲ್ಲ ನಗು, ಚಪ್ಪಾಳೆ. ಹೆಡ್ ಮೇಡಂ ಎದ್ದು, "ನಮ್ಮ ಗಂಟೆಯಮ್ಮ ದನಿ ಕೇಳಿದ್ರೆ ಸಾಕು, ಮನೆ ಹೇಳ್ತಾರೆ. ವಿಳಾಸ ಕೇಳಿ ಹೊತ್ತು ಕಳೆಯೋರು ನಮಗೆ ಬೇಡ" ಎಂದರು. ಮತ್ತೆ ಚಪ್ಪಾಳೆ. ಡ್ರೈವರ್ ಅಣ್ಣ ಗೊತ್ತಲ್ಲ, ಆಗಿನಿಂದಲೂ ಗಾಡಿ ಓಡಿಸುತ್ತಿರುವವನು, ಅವನೊಬ್ಬ ಮಾತ್ರ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ. ಹೊಗಳಿಕೆ ಕೇಳಲು ನನಗೂ ಆಸೆಯೇ, ನಾನೇನು ಸನ್ಯಾಸಿಯಲ್ಲ. ಆದರೆ ಅವರು ಒಂದೊಂದು ಮಾತು ಹೇಳಿದ ಹಾಗೂ ನನಗೆ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು.

ದೊಡ್ಡ ಸಾಹೇಬರು ಒಳ್ಳೆಯವರೇ. ಎಲ್ಲ ಕೇಳಿಕೊಂಡು ನನ್ನ ಕಡೆ ತಿರುಗಿ, "ಇಷ್ಟು ಜನ ನಿಮ್ಮನ್ನ ಬೇಕು ಅಂತಾರೆ. ನೀವೂ ಹೂಂ ಅಂದ್ರೆ ಈ ಊರಿಗೆ ಮಾತ್ರ ವಿನಾಯಿತಿ ಕೊಡೋದಕ್ಕೆ ನಾನು ಬರೀತೀನಿ. ಏನಂತೀರಿ?" ಎಂದರು.

ಒಂದು ಹೂಂ ಸಾಕಿತ್ತು. ಇಪ್ಪತ್ತೆರಡು ವರ್ಷ ಕೂತ ಕುರ್ಚಿ ಉಳಿಯುತ್ತಿತ್ತು, ಈ ಹಸಿರು ಟೇಬಲ್ಲು, ಕಿಟಕಿಯಾಚೆಯ ಅಂಗಳ, ಬೆಳಗಿನ ಆ ಒಂಬತ್ತು "ಇದ್ದೀನಿ" ಎಲ್ಲ ಉಳಿಯುತ್ತಿದ್ದವು. ಈ ಊರನ್ನು ಬಿಟ್ಟರೆ ನನಗೆ ಯಾರಿದ್ದಾರೆ ಹೇಳು.

ನಾನು ಎದ್ದು ನಿಂತು, "ಕೋಣೆ ಮುಚ್ಚಿ ಸರ್. ವಿಳಾಸ ಕೇಳೋರೇ ಬರಲಿ" ಎಂದೆ.

"ಯಾಕಮ್ಮ?"

"ದನಿ ಗುರುತು ಸಿಕ್ಕಿದ್ರೆ ಮನೆ ಗುರುತು ಸಿಕ್ಕಿದ ಹಾಗಲ್ಲ ಸರ್. ಜನ ಮನೆ ಬದಲಾಯಿಸ್ತಾರೆ."

ಅಷ್ಟು ಹೇಳಿ ಕೂತುಬಿಟ್ಟೆ. ಸಾಹೇಬರು ಇನ್ನೊಂದು ಸಲ ಕೇಳಿದರು, ನಾನು ಇನ್ನೊಂದು ಸಲ ಅದನ್ನೇ ಹೇಳಿದೆ. ಸಭೆ ಮುಗಿಯಿತು. ಬೆಂಚುಗಳನ್ನು ಹೊತ್ತುಕೊಂಡು ಹೋಗುವಾಗ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಅವತ್ತಿನಿಂದ ಊರು ನನಗೆ ಮುಖ ಕೊಡುತ್ತಿಲ್ಲ. ಬೇಕರಿ ಅತ್ತೆ ಬ್ರೆಡ್ಡನ್ನು ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟು ಒಳಗೆ ಹೋಗುತ್ತಾರೆ. "ಅವಳಿಗೆ ಬೇರೆ ಕಡೆ ಒಳ್ಳೇ ಕುರ್ಚಿ ಸಿಕ್ಕಿರ್ಬೇಕು, ಇಲ್ದಿದ್ರೆ ಹಾಗಂತಾಳಾ?" ಎಂದು ಕ್ಷೌರದಂಗಡಿಯಲ್ಲಿ ಮಾತಂತೆ. ನನಗೆ ಸಿಕ್ಕಿರುವುದು ಠಾಣೆಯ ಹಿಂದಿನ ಸ್ಟೋರು. ಹಗ್ಗ, ಬೂಟು, ತೂತು ಬಿದ್ದ ಪೈಪುಗಳ ಜೊತೆ ಸಂಸಾರ. ಸಭೆಯ ಮರುದಿನ ಗಡಿಯಾರದ ತಾತನ ಕರೆ ಬರಲಿಲ್ಲ. ಹತ್ತೂವರೆಯಾಯಿತು, ಗಾಡಿ ಕಳಿಸಿದೆ. ತಾತ ಬಾಗಿಲು ತೆಗೆದು, "ಇದ್ದೀನಿ. ನಿಮ್ಮ ಗಂಟೆಯಮ್ಮಂಗೆ ಮಾತ್ರ ಹೇಳಲ್ಲ" ಎಂದು ಬಾಗಿಲು ಹಾಕಿಕೊಂಡರಂತೆ. ಮರುದಿನ ಇನ್ನೂ ಮೂವರು ಹಾಗೇ ಮಾಡಿದರು. ಈಗ ದಿನಾ ಬೆಳಿಗ್ಗೆ ಸೈರನ್ ಹಾಕದೆ ನಮ್ಮ ಗಾಡಿ ಮನೆಮನೆಗೆ ಹೋಗಿ, ಬದುಕಿದ್ದಾರೋ ಇಲ್ಲವೋ ನೋಡಿ ಬರುತ್ತಿದೆ. ನನಗೆ ನಗಬೇಕೋ ಅಳಬೇಕೋ ತಿಳಿಯದು. ತಾತನ "ನೀನಿದೀಯಾ?" ಇಲ್ಲದೆ ಹದಿನೈದು ದಿನವಾಯಿತು.

ನಿನ್ನೆ ಡ್ರೈವರ್ ಅಣ್ಣ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ. ಕಿಟಕಿಯ ಹತ್ತಿರ ಬಂದು, ಕೈಯಲ್ಲಿದ್ದ ಬಟ್ಟೆ ಹಿಂಡುತ್ತಾ, "ಸಭೇಲಿ ಹೇಳಿದ್ದು ಸಾಲ್ದು ಕಣಮ್ಮ. ಅಕ್ಕಂಗೆ ಕಾಗದ ಬರಿ" ಎಂದ. ಅವನು ಮಾತಾಡುವುದೇ ಅಪರೂಪ. ಅದಕ್ಕೇ ಇವತ್ತು ಈ ಹಾಳೆಗಳು.

ನಿನ್ನ ಕಾಗದದ ಆ ನಾಲ್ಕು ಸಾಲು ನನಗೆ ಬಾಯಿಪಾಠವಾಗಿದೆ. "ಈಗಲೂ ಹಾಲಿನವನು ಬಾಗಿಲು ಬಡಿದರೆ ಮೊದಲು ನನ್ನ ಬಾಯಿಗೆ ಬರುವುದು ಮನೆ ನಂಬರು, ಬೀದಿ ಹೆಸರು. ಹುಡುಗಿಯರು ನಗುತ್ತಾರೆ. ನಗಲಿ ಬಿಡು. ಅವತ್ತು ಒಂದು ಸಲ ಹೇಳಿದ್ದರೆ ಸಾಕಿತ್ತು." ನೀನು ವಿಳಾಸ ಹೇಳದೆ ಫೋನ್ ಇಟ್ಟೆ, ಅದರಿಂದ ಗಾಡಿ ನಿಮ್ಮ ಹಳೇ ಮನೆಗೆ ಹೋಗಿ ತಡವಾಯಿತು, ಭಾವ ಉಳಿಯಲಿಲ್ಲ. ಆರು ವರ್ಷದಿಂದ ನೀನು ನಿನಗೆ ಹೇಳಿಕೊಂಡು ಬಂದಿರುವುದು ಇದು. ಊರು ಮರೆತಿದೆ, ನೀನು ಮರೆತಿಲ್ಲ. ಆ ಸಾಲುಗಳನ್ನು ಓದಿದ ಮೇಲೆ ಸಭೆಯಲ್ಲಿ ಹೂಂ ಅನ್ನಲು ನನ್ನಿಂದ ಆಗಲಿಲ್ಲ.

ಅಕ್ಕ, ನನಗೆ ನಿನ್ನ ನೆನಪು ತುಂಬಾ ಆಗುತ್ತದೆ. ಮೂರು ಗಂಟೆಯ ಹೊತ್ತಿಗೆ ಊರು ಸುಮ್ಮನಾದಾಗ, ಚಹಾ ಮಾಡಿ ಎರಡು ಲೋಟ ತೆಗೆದು ಒಂದನ್ನು ವಾಪಸು ಇಡುತ್ತೇನೆ. ನೀನು ನನ್ನ ತಲೆ ಬಾಚುವಾಗ ಬೇಕೆಂದೇ ಜಗ್ಗುತ್ತಿದ್ದೆಯಲ್ಲ, ಅದು ಕೂಡ ಬೇಕು ಅನ್ನಿಸುತ್ತದೆ. ಈಗ ಜಗ್ಗಲು ಕೂದಲೂ ಅಷ್ಟಿಲ್ಲ.

ನಿನ್ನ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಹೊಲಿಗೆ ಯಂತ್ರ ದಾರ ಕಡಿಯದೆ ಓಡಲಿ, ಆ ನಗುವ ಹುಡುಗಿಯರೆಲ್ಲ ನಿನ್ನ ಕೈಯಲ್ಲಿ ಕಲಿತು ಬಾಳಲಿ. ಚಿಕ್ಕವಳು ನಾನು ಹರಸಬಾರದು, ಆದರೂ ಹರಸುತ್ತಿದ್ದೇನೆ. ನಿನಗೆ ನೆಮ್ಮದಿ ಸಿಗಲಿ.

ನಿನ್ನ ತಂಗಿ,
ಪುಟ್ಟಿ

ವಿ. ಸೂ.: ಮರೆತದ್ದನ್ನು ಬರೆಯುವ ಜಾಗ ಇದು. ನಾನು ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಅವತ್ತು ನಾಲ್ಕೂವರೆಗೆ ನಿನ್ನ ಕರೆ ಬಂತು. "ಪುಟ್ಟಿ, ಬೆಂಕಿ ಕಣೇ" ಎಂದೆ. ಯಾರೇ ಕರೆದರೂ ನಾನು ಮೊದಲು ಕೇಳಬೇಕಾದದ್ದು ಮನೆ ಎಲ್ಲಿ ಎಂದು. ನಿನ್ನ ದನಿ ಕೇಳಿದ ಮೇಲೆ ಕೇಳಲಿಲ್ಲ. ನಮ್ಮಕ್ಕನ ಮನೆ ನನಗೆ ಗೊತ್ತಿಲ್ಲವೇ? "ಬಂದ್ರು, ಇರು" ಎಂದು ಗಂಟೆ ಒತ್ತಿ, ಮೈಕಿನಲ್ಲಿ ಹಳೇ ಮನೆಯ ವಿಳಾಸ ಹೇಳಿದೆ. ಹತ್ತು ವರ್ಷ ದಿನಾ ಊಟಕ್ಕೆ ಬರುತ್ತಿದ್ದ ಮನೆ ಅದು, ಬಾಯಿಗೆ ಅದೇ ಬಂತು. ಮೂರು ವಾರದ ಹಿಂದೆ ನಿನ್ನ ಪಾತ್ರೆ ಮೂಟೆ ಹೊತ್ತುಕೊಂಡು ಗಿರಣಿ ಬೀದಿಯ ಹೊಸ ಮನೆಗೆ ಬಂದವಳು ನಾನೇ, ಅದು ತಲೆಗೆ ಬರಲಿಲ್ಲ. "ಇಲ್ಲಿ ಬೆಂಕಿ ಇಲ್ಲಮ್ಮ, ಯಾರೋ ಬಟ್ಟೆ ಒಣಗಿಸ್ತಿದಾರೆ" ಎಂದು ಡ್ರೈವರ್ ಅಣ್ಣ ವೈರ್‌ಲೆಸ್ಸಿನಲ್ಲಿ ಹೇಳಿದಾಗ ಬಂತು. ಅಷ್ಟರಲ್ಲಿ ಹನ್ನೊಂದು ನಿಮಿಷ ಹೋಗಿತ್ತು.

ಆಗಿನ ಠಾಣೆಯ ಸಾಹೇಬರು ನನ್ನ ಕೆಲಸ ಉಳಿಸಲೆಂದು, ಕರೆ ಮಾಡಿದವರು ವಿಳಾಸ ಹೇಳದೆ ಫೋನ್ ಇಟ್ಟರು ಎಂದು ವರದಿ ಬರೆದರು. ನಿನ್ನನ್ನು ಕೇಳಿದಾಗ ನೀನು, "ಇರಬಹುದು ಸರ್, ನನಗೆ ಏನೂ ನೆನಪಿಲ್ಲ" ಎಂದೆ. ನಾನು ನಿನ್ನ ಪಕ್ಕದಲ್ಲಿ ನಿನ್ನ ಕೈ ಹಿಡಿದುಕೊಂಡು ಕೂತಿದ್ದೆ. ಬಾಯಿ ಬಿಡಲಿಲ್ಲ.

ಫೋನ್ ಇಟ್ಟದ್ದು ನೀನಲ್ಲ. ನಾನು ಇಟ್ಟೆ. ಇಡುವಾಗ ನಿನ್ನ ದನಿ ಇನ್ನೂ ಬರುತ್ತಲೇ ಇತ್ತು, "ಗಿರಣಿ ಬೀದಿ" ಎಂಬಷ್ಟು ನನ್ನ ಕಿವಿಗೆ ಬಿತ್ತು, ನಾನು ಆಗಲೇ ಮೈಕಿನ ಕಡೆ ತಿರುಗಿದ್ದೆ. ನೀನು ವಿಳಾಸ ಹೇಳಿದ್ದೆ, ಅಕ್ಕ.